ಕಣ್ಣಿಗೆ ಏನು ಹಾಕಬೇಕು: ಮನೆಯ ರಸವೋ, ಆಯುರ್ವೇದದ ಡ್ರಾಪ್ಸೋ, ಮೆಡಿಕಲ್ ಅಂಗಡಿಯ ಬಾಟಲಿಯೋ?

ಬಿಸಿಲು ಬಲಿಯುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಕಣ್ಣಿನ ತಕರಾರು ಶುರುವಾಗುತ್ತದೆ. ಜೋಳದ ರಾಶಿಯ ಹೊಟ್ಟು, ನಿಪ್ಪಾಣಿಯ ತಂಬಾಕಿನ ಧೂಳು, ಇಳಕಲ್ಲಿನ ಕಲ್ಲುಪುಡಿ, ಮಹಾಲಿಂಗಪುರದ ಸುತ್ತಿನ ಬೆಲ್ಲದ ಗಾಣಗಳ ಹೊಗೆ, ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಉರಿಸುವ ಗಂಧಕದ ಘಾಟು, ಇವೆಲ್ಲ ಸೇರಿ ಕಣ್ಣು ಕೆಂಪಗಾಗಿ ಚುರುಗುಟ್ಟುತ್ತವೆ. ಆಗ ಒಬ್ಬರು ನಂದಿಬಟ್ಟಲ ಹೂವಿನ ರಸ ಹಿಂಡು ಅನ್ನುತ್ತಾರೆ, ಇನ್ನೊಬ್ಬರು ತ್ರಿಫಲಾ ನೀರಿನಿಂದ ತೊಳಿ ಅನ್ನುತ್ತಾರೆ, ಮೆಡಿಕಲ್ ಅಂಗಡಿಯವರು ಒಂದು ಬಾಟಲಿ ಕೊಟ್ಟು ಕಳಿಸುತ್ತಾರೆ. ಓದುಗರು ಹೆಚ್ಚಾಗಿ ಕೇಳುವುದು "ಎಷ್ಟು ಹನಿ?" ಎಂದು. ಆದರೆ ಹನಿಯ ಲೆಕ್ಕಕ್ಕಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬೇರೆ ಇವೆ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು, ತೊಂದರೆ ಯಾವ ಬಗೆಯದು ಎಂಬುದು. ಹೊಗೆ, ಧೂಳು, ಒಣಗಾಳಿ, ನಿದ್ದೆಗೇಡಿನಿಂದ ಎರಡೂ ಕಣ್ಣು ಚುರುಗುಟ್ಟಿದರೆ ಆಯ್ಕೆಗೆ ಜಾಗವಿದೆ. ಆದರೆ ದೃಷ್ಟಿ ಮಂಜಾಗಿದ್ದರೆ, ಕಣ್ಣು ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕಬ್ಬಿನ ರವದಿಯೋ ಜೋಳದ ಗರಿಯೋ ತಾಗಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿದ್ದರೆ, ಹಸುಗೂಸಿನ ಕಣ್ಣಲ್ಲಿ ಕೀವು ಬಂದಿದ್ದರೆ ಈ ಹೋಲಿಕೆ ನಿಮಗಲ್ಲ. ಅವತ್ತೇ ಕಣ್ಣಿನ ಡಾಕ್ಟರಲ್ಲಿ ಹೋಗಬೇಕು. ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಇದ್ದರಂತೂ ಒಂದು ರಾತ್ರಿಯನ್ನೂ ಕಾಯಬಾರದು. ಅದು ಕಣ್ಣಿನ ಒತ್ತಡ ಥಟ್ಟನೆ ಏರಿದ ಗ್ಲಾಕೋಮಾ ಇರಬಹುದು.

ಎರಡನೆಯದು, ಕಣ್ಣೊಳಗೆ ಹೋಗುವ ವಸ್ತು ಸ್ಟೆರೈಲ್ ಆಗಿದೆಯೇ, ಅಂದರೆ ಅದರಲ್ಲಿ ಜೀವಂತ ಸೂಕ್ಷ್ಮಾಣು ಒಂದೂ ಇಲ್ಲವೇ ಎಂಬುದು. ಬಾಯಿಗೆ ಹೋದದ್ದನ್ನು ಹೊಟ್ಟೆಯ ಆಮ್ಲ ನೋಡಿಕೊಳ್ಳುತ್ತದೆ, ಕಣ್ಣಿಗೆ ಅಂಥ ಕಾವಲಿಲ್ಲ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾ ಅರ್ಧ ಮಿಲಿಮೀಟರಿಗಿಂತ ತುಸು ಮಾತ್ರ ದಪ್ಪ, ಅದರಲ್ಲಿ ರಕ್ತನಾಳಗಳೂ ಇಲ್ಲ. ಅಲ್ಲಿ ಸೋಂಕು ಹಿಡಿದು ಹುಣ್ಣಾದರೆ ವಾಸಿಯಾದ ಮೇಲೂ ಬಿಳಿ ಕಲೆ ಉಳಿಯಬಹುದು. ಆ ಕಲೆ ನಟ್ಟನಡುವೆ ಬಿದ್ದರೆ ದೃಷ್ಟಿ ಹೋದಂತೆಯೇ.

ಮೂರನೆಯದು, ಒಂದು ಹನಿಯಲ್ಲಿ ಎಷ್ಟು ಔಷಧ ಇದೆ ಎಂದು ಯಾರಾದರೂ ಅಳೆದಿದ್ದಾರೆಯೇ? ನಾಲ್ಕನೆಯದು, ಒಂದು ತಿಂಗಳಿಗೆ ತಗಲುವ ಖರ್ಚು.

ಮನೆಯಲ್ಲೇ ಹಿಂಡಿದ ರಸ, ಜೇನು, ಎಣ್ಣೆ, ಎದೆಹಾಲು

ಖರ್ಚಿನಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಸ್ಟೆರೈಲ್ ಆಗಿರುವುದು, ಔಷಧದ ಅಳತೆ ಎಂಬ ಎರಡು ಮಾನದಂಡಗಳಲ್ಲಿ ಮಾತ್ರ ಇದು ನೇರವಾಗಿ ಸೋಲುತ್ತದೆ. ಸೋಲುವುದು ಮೂಲಿಕೆಯ ಗುಣದಿಂದಲ್ಲ, ಅದನ್ನು ತಯಾರಿಸುವ ರೀತಿಯಿಂದ.

ನಂದಿಬಟ್ಟಲನ್ನೇ ನೋಡಿ. ಬೆಳ್ಳನೆ ಹೂವು, ಮುಟ್ಟಿದರೆ ತಂಪು, ಕಣ್ಣಿಗೆ ಒಳ್ಳೆಯದೆಂಬ ಹೆಸರು ಹಳೆಯದು. ಆದರೆ ಹೂವನ್ನು ತೊಟ್ಟು ಸಮೇತ ಕಿತ್ತಾಗ ತುದಿಯಲ್ಲಿ ಹಾಲಿನಂಥ ಸೊನೆ ಜಿನುಗುತ್ತದೆ, ರಸ ಹಿಂಡುವಾಗ ಅದೂ ಬೆರೆಯುತ್ತದೆ. ಅದು ಕಣ್ಣಿಗೆ ಉರಿ ತರುವ ವಸ್ತು. ಇನ್ನು ದಳಗಳ ಮೇಲೆ ಕೂತ ಧೂಳು, ಶಿಲೀಂಧ್ರದ ಬೀಜಕಣ, ಹಿಂಡಿದ ಬೆರಳು, ಸೋಸಿದ ಸೀರೆಯ ಸೆರಗು, ಎಲ್ಲವೂ ರಸದ ಜೊತೆ ಒಳಗೆ ಹೋಗುತ್ತವೆ. ಹೊಲದ ಗಿಡಗಂಟಿ ತಾಗಿ ಕಾರ್ನಿಯಾ ಗೀಚಿದ್ದಾಗ ರಸ ಬಿಟ್ಟರಂತೂ ಶಿಲೀಂಧ್ರವನ್ನು ಕೈಯಾರೆ ಬಿತ್ತಿದಂತೆ. ರೈತರ ಕಣ್ಣಿನ ಹುಣ್ಣುಗಳಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳ ಪಾಲು ದೊಡ್ಡದು. ಅದಕ್ಕೆ ನಾಟಾಮೈಸಿನ್ 5% ಡ್ರಾಪ್ಸನ್ನು ವಾರಗಟ್ಟಲೆ, ಮೊದಮೊದಲು ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ಮನೆಮದ್ದಿನಲ್ಲಿ ನಾಲ್ಕು ದಿನ ಕಳೆದು ಬಂದವರ ಹುಣ್ಣು ಅಷ್ಟರಲ್ಲಿ ಆಳಕ್ಕೆ ಇಳಿದಿರುತ್ತದೆ.

ಹಾಲು ಬರುವ ಗಿಡಗಳಲ್ಲೇ ಅತಿ ಅಪಾಯದವು ನಮ್ಮ ಬದುಗಳಲ್ಲೇ ಇವೆ. ಕಳ್ಳಿಯ ಹಾಲು ತಗುಲಿದ ಕಣ್ಣು ಒಂದೆರಡು ಗಂಟೆಯಲ್ಲೇ ವಿಪರೀತ ಉರಿದು ಬಾತುಕೊಳ್ಳುತ್ತದೆ. ಎಕ್ಕೆಯ ಹಾಲು ಇನ್ನೂ ಮೋಸ ಮಾಡುತ್ತದೆ: ಎಷ್ಟೋ ಸಲ ನೋವು ಹೆಚ್ಚಿರುವುದಿಲ್ಲ, ಕೆಲವು ಗಂಟೆ ಬಿಟ್ಟು ದೃಷ್ಟಿ ಮಾತ್ರ ಮಂಜಾಗುತ್ತದೆ. ಅದು ಕಾರ್ನಿಯಾದ ಒಳಪದರಕ್ಕೇ ಪೆಟ್ಟು ಕೊಟ್ಟು ನೀರು ತುಂಬಿಸುವುದರಿಂದ ಹೀಗಾಗುತ್ತದೆ. ಇವೆರಡನ್ನು ಯಾವ ಅಳತೆಯಲ್ಲೂ, ಎಷ್ಟೇ ನೀರು ಬೆರೆಸಿಯೂ ಕಣ್ಣಿನ ಹತ್ತಿರ ತರಬಾರದು. ಬೇಲಿ ಕಡಿಯುವಾಗ ಸಿಡಿದರೆ ಕೂಡಲೇ ಹರಿಯುವ ನೀರಿನಲ್ಲಿ 20 ನಿಮಿಷವಾದರೂ ತೊಳೆದು, ಉರಿ ಇರಲಿ ಬಿಡಲಿ, ಆಸ್ಪತ್ರೆಗೆ ಹೋಗಬೇಕು.

ಜೇನು ಕಣ್ಣಿಗೆ ಬಿದ್ದರೆ ಚುರ್ರೆಂದು ನೀರು ಸುರಿಯುತ್ತದೆ. ಕಸ ತೊಳೆದು ಹೋಯಿತೆಂಬ ಭಾವನೆ ಬರುವುದು ಆ ನೀರಿನಿಂದ. ಅಂಗಡಿಯ ಜೇನು, ಗಿಡದ ಜೇನು ಎರಡರಲ್ಲೂ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸಲೂ ಬಾರದು. ಹರಳೆಣ್ಣೆಯ ವಿಷಯ ಬೇರೆ. ಒಣಕಣ್ಣಿಗೆ ಬರೆದುಕೊಡುವ ಸೈಕ್ಲೋಸ್ಪೋರಿನ್ 0.05% ಎಮಲ್ಷನ್ನಿನಲ್ಲಿ ಹರಳೆಣ್ಣೆಯೇ ಇದೆ, ಅಂದರೆ ಎಣ್ಣೆಗೆ ಕಣ್ಣಿನಲ್ಲಿ ಕೆಲಸವಿದೆ ಎಂಬ ಹಿರಿಯರ ತಿಳಿವಳಿಕೆ ಹುಸಿಯಲ್ಲ. ಆದರೆ ಅದು ಶುದ್ಧಗೊಳಿಸಿ, ಅಳೆದು, ಮುಚ್ಚಿದ ಎಣ್ಣೆ, ಗಾಣದಿಂದ ತಂದ ಡಬ್ಬಿಯ ಎಣ್ಣೆಯಲ್ಲ. ಡಬ್ಬಿಯ ಎಣ್ಣೆ ತಲೆಗೆ, ಅಂಗಾಲಿಗೆ ಇರಲಿ. ಎದೆಹಾಲು ಕೂಸಿನ ಹೊಟ್ಟೆಗೆ ಅಮೃತ, ಆದರೂ ಅದು ಸ್ಟೆರೈಲ್ ಅಲ್ಲ. ಹುಟ್ಟಿ ಒಂದು ತಿಂಗಳಾಗದ ಕೂಸಿನ ಕಣ್ಣು ಕೀವಿನಿಂದ ಅಂಟಿಕೊಂಡಿದ್ದರೆ ಎದೆಹಾಲು ಹಿಂಡುತ್ತ ಕೂರುವ ಹೊತ್ತಲ್ಲ ಅದು.

ಕಾಡಿಗೆಯ ಬಗ್ಗೆ ಚುಟುಕಾಗಿ: ಕಲ್ಲು ಅರೆದು ಮಾಡುವ ಸುರ್ಮಾದಲ್ಲಿ ಸೀಸ ಇರುತ್ತದೆ, ಅದು ಮಗುವಿನ ಮೆದುಳಿಗೆ ಕೇಡು. ದೀಪದ ಮಸಿಯ ಕಾಡಿಗೆಯಲ್ಲಿ ಸೀಸ ಇಲ್ಲದಿದ್ದರೂ ಹಚ್ಚುವ ಬೆರಳು ಒಂದು ಕಣ್ಣಿನ ಸೋಂಕನ್ನು ಇನ್ನೊಂದಕ್ಕೆ ದಾಟಿಸುತ್ತದೆ. ದೃಷ್ಟಿ ತೆಗೆಯುವುದಕ್ಕಾದರೆ ಬೊಟ್ಟು ಕೆನ್ನೆಗೋ ಅಂಗಾಲಿಗೋ ಇಡಿ.

ತ್ರಿಫಲಾ ನೀರು

ಅಳಲೆ, ತಾರೆ, ನೆಲ್ಲಿ ಮೂರರ ಚೂರ್ಣ ಕಣ್ಣಿನ ಚಿಕಿತ್ಸೆಯಲ್ಲಿ ಗೌರವದ ಸ್ಥಾನ ಪಡೆದದ್ದು. ಮನೆಯಲ್ಲಿ ಎಡವಟ್ಟಾಗುವುದು ಸೋಸುವಾಗ. ಚೂರ್ಣವನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕಂದು ಕಣಗಳು ತೇಲುತ್ತಿರುತ್ತವೆ. ಆ ಕಣಗಳು ರೆಪ್ಪೆಯೊಳಗೆ ಕೂತು, ಕಣ್ಣು ಉಜ್ಜಿದಾಗ ಕಾರ್ನಿಯಾವನ್ನು ಗೀಚುತ್ತವೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ತೊಳೆಯುವ ಪದ್ಧತಿ ಇನ್ನೂ ಕೆಟ್ಟದ್ದು: ನಮ್ಮ ಬೇಸಿಗೆಯ ಸೆಕೆಯ ರಾತ್ರಿಗಳಲ್ಲಿ ಆ ನೀರು ಎಂಟು ಗಂಟೆ ಹುಳಿಯುತ್ತಿರುತ್ತದೆ.

ಕಷಾಯವನ್ನು ಮುಚ್ಚಿದ ಕಣ್ಣಿನ ಮೇಲೆ ಬಳಸಿದರೆ ಅಪಾಯ ಬಹಳ ಇಳಿಯುತ್ತದೆ. ಒಂದು ಚಮಚ ಚೂರ್ಣಕ್ಕೆ ಒಂದು ಲೋಟ, ಅಂದರೆ ಸುಮಾರು 200 ಮಿಲಿ ನೀರು ಹಾಕಿ ಅರ್ಧಕ್ಕೆ ಇಳಿಸಿ. ಕುದಿಸಿ ಒಣಗಿಸಿದ ಹತ್ತಿ ಬಟ್ಟೆಯ ನಾಲ್ಕು ಪದರದಲ್ಲಿ ಸೋಸಿ, ಪೂರ್ತಿ ಆರಲು ಬಿಡಿ. ಅದರಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ 5ರಿಂದ 10 ನಿಮಿಷ ಇಡಿ, ಪ್ರತಿ ಕಣ್ಣಿಗೂ ಬೇರೆ ಹತ್ತಿ ಇರಲಿ. ಉಳಿದದ್ದನ್ನು ಚೆಲ್ಲಿ, ಮರುದಿನಕ್ಕೆ ಇಡಬೇಡಿ. ಹೊಟ್ಟೆಗೆ ತಗೊಳ್ಳುವುದಾದರೆ ರೂಢಿಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ, ರಾತ್ರಿ ಬೆಚ್ಚನೆ ನೀರಿನಲ್ಲಿ. ಭೇದಿಯಾದರೆ ಕಡಿಮೆ ಮಾಡಿ. ಬಸುರಿಯರು, ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ವೈದ್ಯರನ್ನು ಕೇಳಿಯೇ ತಗೊಳ್ಳಬೇಕು.

ಸೀಲ್ ಮಾಡಿದ ಆಯುರ್ವೇದ ಡ್ರಾಪ್ಸ್

ಮೂಲಿಕೆಯ ಮೇಲೆ ನಂಬಿಕೆ ಇರುವವರಿಗೆ ನಾವು ಸೂಚಿಸುವ ದಾರಿ ಇದೇ, ಆದರೆ ಲೇಬಲ್ ಓದುವ ಷರತ್ತಿನ ಮೇಲೆ. ತಯಾರಕರ ಹೆಸರು, ಆಯುರ್ವೇದ ಔಷಧದ ತಯಾರಿಕಾ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ಮತ್ತು ಮುಗಿಯುವ ತಾರೀಖು, ಪ್ರತಿ ಘಟಕದ ಪ್ರಮಾಣ, ಕಣ್ಣಿಗೆ ಹಾಕುವ ಔಷಧ ಎಂಬ ಸ್ಪಷ್ಟ ಮಾತು, ಮುಚ್ಚಳದ ಕೆಳಗಿನ ಮುರಿಯದ ಬಳೆ, ಇಷ್ಟೂ ಇರಬೇಕು. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾರುವ ಬಾಟಲಿಗಳಲ್ಲಿ ಇವುಗಳಲ್ಲಿ ಒಂದೆರಡಾದರೂ ಇರುವುದಿಲ್ಲ. ಗುಲಾಬಿ ನೀರು ಕೊಳ್ಳುವಾಗಲೂ ಇದೇ ಎಚ್ಚರ ಬೇಕು: ಮುಖಕ್ಕೆ ಹಚ್ಚುವ ಬಾಟಲಿ ಸೌಂದರ್ಯವರ್ಧಕ, ಅದು ಕಣ್ಣಿಗಲ್ಲ.

ಘಟಕಗಳಲ್ಲಿ ಕರ್ಪೂರ ಅಥವಾ ಜೇನು ಇದ್ದರೆ ಹಾಕಿದಾಗ ಉರಿಯುತ್ತದೆ. "ಉರಿದರೇನೇ ಕೆಲಸ ಮಾಡುತ್ತದೆ" ಎಂಬುದು ತಪ್ಪು ತಿಳಿವಳಿಕೆ. ಅರ್ಧ ನಿಮಿಷದಲ್ಲಿ ಉರಿ ಇಳಿಯದಿದ್ದರೆ, ಇಲ್ಲವೇ ಪ್ರತಿ ಸಲ ಕಣ್ಣು ಇನ್ನಷ್ಟು ಕೆಂಪಾಗುತ್ತಿದ್ದರೆ ಆ ಬಾಟಲಿ ನಿಮಗಲ್ಲ. ಒಣಕಣ್ಣಿನವರು, ಮಕ್ಕಳು, ಪೊರೆಯ ಆಪರೇಷನ್ ಆಗಿ ಮೂರು ತಿಂಗಳು ಕಳೆಯದವರು ಇವನ್ನು ತಾವಾಗಿ ಹಾಕಿಕೊಳ್ಳಬಾರದು.

ಪ್ರಮಾಣ ಲೇಬಲ್ಲಿನದೇ. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಸಲ ಒಂದೆರಡು ಹನಿ ಎಂದು ಬರೆದಿರುತ್ತದೆ, ಒಂದೇ ಹನಿ ಸಾಕು. ಪ್ಲಾಸ್ಟಿಕ್ ಬಾಟಲಿಯ ಒಂದು ಹನಿ ಸುಮಾರು 40ರಿಂದ 50 ಮೈಕ್ರೋಲೀಟರ್ ಇರುತ್ತದೆ, ರೆಪ್ಪೆಯ ಚೀಲ ಹಿಡಿಯುವುದು 30ರ ಆಸುಪಾಸು. ಎರಡನೆಯ ಹನಿ ಕೆನ್ನೆಗೆ ಇಳಿಯುತ್ತದೆ, ಜೊತೆಗೆ ಮೊದಲ ಹನಿಯನ್ನೂ ತೊಳೆದುಕೊಂಡು ಹೋಗುತ್ತದೆ. ಹಳೆಯ ಗ್ರಂಥಗಳಲ್ಲಿ ಆಶ್ಚ್ಯೋತನಕ್ಕೆ, ಅಂದರೆ ಕಣ್ಣಿಗೆ ಔಷಧ ಹನಿಸುವ ಚಿಕಿತ್ಸೆಗೆ, 8, 10, 12 ಬಿಂದುಗಳ ಲೆಕ್ಕ ಇರುವುದು ನಿಜ. ಅದು ವೈದ್ಯ ಎದುರು ಕೂತು, ರೋಗಿಯನ್ನು ಮಲಗಿಸಿ, ಹತ್ತಿಯಿಂದ ಒರೆಸುತ್ತ ಮಾಡುವ ಕ್ರಮ. ಅದೇ ಕ್ರಮದಲ್ಲಿ ಎರಡು ಅಂಗುಲ ಎತ್ತರದಿಂದ ಹನಿಸಬೇಕು, ರಾತ್ರಿ ಮಾಡಬಾರದು ಎಂಬ ಮಾತೂ ಇದೆ. ಬಿಂದುಗಳ ಲೆಕ್ಕ ಮಾತ್ರ ನೆನಪಿಟ್ಟು ಉಳಿದದ್ದನ್ನು ಮರೆತವರೇ ಹೆಚ್ಚು.

ಕೃತಕ ಕಣ್ಣೀರು

ಹೆಸರಿನಲ್ಲಿ ಮೂಲಿಕೆ ಇಲ್ಲ, ಪ್ರಚಾರವೂ ಇಲ್ಲ. ಆದರೂ ಹೊಗೆ, ಧೂಳು, ಎಸಿ, ಮೊಬೈಲು, ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಇಡೀ ದಿನ ನೂಲು ನೋಡುವುದು, ಇಂಥವುಗಳಿಂದ ಆಗುವ ಒಣಕಣ್ಣಿಗೆ ಎಲ್ಲ ಮಾನದಂಡಗಳನ್ನು ಒಟ್ಟಿಗೆ ತೂಗಿದರೆ ಮುಂದೆ ನಿಲ್ಲುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಡ್ರಾಪ್ಸ್. ಬ್ರ್ಯಾಂಡಿನದು 10 ಮಿಲಿಗೆ ನೂರರಿಂದ ಇನ್ನೂರು ರೂಪಾಯಿಯ ಆಸುಪಾಸು, ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಅದಕ್ಕಿಂತ ಬಹಳ ಕಡಿಮೆ. ಎರಡೂ ಕಣ್ಣಿಗೆ ಒಂದೊಂದು ಹನಿ, ದಿನಕ್ಕೆ ನಾಲ್ಕು ಸಲ ಎಂದರೆ ದಿನಕ್ಕೆ 8 ಹನಿ. 10 ಮಿಲಿಯಲ್ಲಿ ಸುಮಾರು 200ರಿಂದ 250 ಹನಿ ಇರುವುದರಿಂದ ಒಂದು ಬಾಟಲಿ ಹೆಚ್ಚುಕಮ್ಮಿ ಒಂದು ತಿಂಗಳಿಗೆ ಸರಿಹೋಗುತ್ತದೆ. ತೆರೆದ ಬಾಟಲಿಯನ್ನು ಇಡಬಹುದಾದ ಅವಧಿಯೂ ಒಂದೇ ತಿಂಗಳು. ತೆರೆದ ತಾರೀಖನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆದಿಡಿ.

ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಬೇಕಾಗುವವರು ಪ್ರಿಸರ್ವೇಟಿವ್ (ಔಷಧ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನು ಕೇಳಿ ತಗೊಳ್ಳಬೇಕು, ಬೆಲೆ ಹೆಚ್ಚಾದರೂ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಪದೇಪದೇ ಬಿದ್ದರೆ ಅದೇ ಕಣ್ಣನ್ನು ಒಣಗಿಸುತ್ತದೆ.

ಇದರ ಮಿತಿಯೂ ಗೊತ್ತಿರಲಿ: ಇದು ತುರಿಕೆಯ ಔಷಧವಲ್ಲ. ಬೇಸಿಗೆ ಬಂತೆಂದರೆ ಕಣ್ಣು ಉಜ್ಜುತ್ತ, ದಾರದಂಥ ಪಿಸುರು ತೆಗೆಯುತ್ತ ಕೂರುವ 5ರಿಂದ 15 ವರ್ಷದ ಮಕ್ಕಳು ನಮ್ಮ ಒಣ ಸೀಮೆಯಲ್ಲಿ ಬಹಳ. ಅದು ಅಲರ್ಜಿ. ಅದಕ್ಕೆ ಓಲೋಪಟಡಿನ್ 0.1% ದಿನಕ್ಕೆ ಎರಡು ಸಲದಂಥ ಔಷಧವನ್ನು ಡಾಕ್ಟರು ಬರೆದುಕೊಡುತ್ತಾರೆ.

ಅಂಗಡಿಯವರು ಕೊಡುವ "ಜಲ್ದಿ ಆರಾಮ" ಬಾಟಲಿ

ಎಲ್ಲ ಆಯ್ಕೆಗಳಲ್ಲಿ ನಮಗೆ ಹೆಚ್ಚು ಭಯ ಇರುವುದು ಇದರ ಬಗ್ಗೆ, ಹೂವಿನ ರಸಕ್ಕಿಂತಲೂ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಎಂಬ ಹೆಸರು ಘಟಕಗಳಲ್ಲಿ ಇದ್ದರೆ ಅದು ಸ್ಟೀರಾಯ್ಡ್. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಆದ್ದರಿಂದ ತಾಯಂದಿರು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದನ್ನೇ ತರುತ್ತಾರೆ. ಒಳಗೆ ಕಣ್ಣಿನ ಒತ್ತಡ ನೋವಿಲ್ಲದೆ ಏರಿ ನರ ಸಾಯುತ್ತದೆ, ಚಿಕ್ಕ ವಯಸ್ಸಿನಲ್ಲೇ ಪೊರೆ ಬರುತ್ತದೆ. ಹೀಗೆ ಸತ್ತ ನರ ಮರಳುವುದಿಲ್ಲ. ಶಿಲೀಂಧ್ರದ ಹುಣ್ಣಿರುವ ಕಣ್ಣಿಗೆ ಇದನ್ನು ಹಾಕಿದರೆ ಹುಣ್ಣು ಬೆಂಕಿಯಂತೆ ಹರಡುತ್ತದೆ. ಡಾಕ್ಟರು ಬರೆದಿದ್ದರೆ ಹೇಳಿದಷ್ಟು ದಿನ, ಹೇಳಿದಷ್ಟು ಸಲ ಹಾಕಿ, ಒತ್ತಡ ಪರೀಕ್ಷೆಗೆ ಕರೆದ ದಿನ ತಪ್ಪದೆ ಹೋಗಿ. ಅಂಗಡಿಯವರು ತಾವಾಗಿ ಕೊಟ್ಟರೆ ವಾಪಸ್ ಕೊಡಿ.

ಆಯುರ್ವೇದ ಆಸ್ಪತ್ರೆಯ ನೇತ್ರತರ್ಪಣ

ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಕರಗಿಸಿದ ಔಷಧೀಯ ತುಪ್ಪ ತುಂಬಿ, ಒಳಗೆ ಕಣ್ಣು ತೆರೆದು ಮುಚ್ಚಿ ಮಾಡುವ ಚಿಕಿತ್ಸೆ ಇದು. ಒಣಕಣ್ಣಿಗೆ ಇದರಿಂದ ಹಿತ ಕಂಡವರು ಇದ್ದಾರೆ. ಮನೆಯಲ್ಲಿ ಮಾಡುವಂಥದ್ದಲ್ಲ. ತುಪ್ಪದ ಬಿಸಿ ತುಸು ಹೆಚ್ಚಾದರೂ ಕಾರ್ನಿಯಾ ಸುಡುತ್ತದೆ, ಕಣ್ಣಿನಲ್ಲಿ ಸೋಂಕು ಇದ್ದಾಗ ಮಾಡಲೇಬಾರದು. ಶಾಲಾಕ್ಯ ವಿಭಾಗ (ಕಣ್ಣು, ಕಿವಿ, ಮೂಗು, ಗಂಟಲಿನ ಚಿಕಿತ್ಸೆಯದು) ಇರುವ ಆಯುರ್ವೇದ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಿ: ಬೆಳಗಾವಿಯ ಶಹಾಪುರದಲ್ಲಿ ಕೆಎಲ್ಇ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ ಇದೆ, ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಎವಿಎಸ್ ಆಯುರ್ವೇದ ಮಹಾವಿದ್ಯಾಲಯ ಇದೆ. ತುಪ್ಪವನ್ನು ಪ್ರತಿ ರೋಗಿಗೂ ಹೊಸದಾಗಿ ತೆಗೆಯುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಚಿಕಿತ್ಸೆಯಾದ ಮೇಲೆ ಕೆಲವು ಗಂಟೆ ದೃಷ್ಟಿ ಮಬ್ಬಾಗಿರುತ್ತದೆ. ಬೈಕು ಓಡಿಸಿಕೊಂಡು ಊರಿಗೆ ಮರಳುವ ಯೋಜನೆ ಹಾಕಬೇಡಿ, ಜೊತೆಗೊಬ್ಬರು ಇರಲಿ.

ಯಾವುದನ್ನೇ ಆರಿಸಿದರೂ ಹಾಕುವ ಕ್ರಮ

ಸೋಪಿನಿಂದ ಕೈ ತೊಳೆಯಿರಿ. ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಎಳೆದು ಪುಟ್ಟ ಜೇಬು ಮಾಡಿ, ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಗದಂತೆ ಎರಡು ಸೆಂಟಿಮೀಟರ್ ಮೇಲಿಂದ ಒಂದು ಹನಿ ಬಿಡಿ. ಪಟಪಟ ಮಿಟುಕಿಸದೆ ಮೆಲ್ಲಗೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಗಂಟಲಲ್ಲಿ ಕಹಿ ಬಂತೆಂದರೆ ಔಷಧ ಕಣ್ಣಲ್ಲಿ ನಿಲ್ಲದೆ ಮೂಗಿಗೆ ಇಳಿದಿದೆ, ಒತ್ತುವುದು ಸರಿಯಾಗಿಲ್ಲ ಎಂದರ್ಥ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5ರಿಂದ 10 ನಿಮಿಷ ಬಿಡಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದ ಮೇಲೆಯೇ ಹನಿ ಹಾಕಿ, 15 ನಿಮಿಷ ಆದ ಮೇಲೆ ಮತ್ತೆ ತೊಡಿ. ಹಟ ಮಾಡುವ ಮಗುವನ್ನು ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಯಲ್ಲಿ ಹನಿ ಬಿಡಿ. ಮಗು ಕಣ್ಣು ತೆರೆದಾಗ ತಾನಾಗಿ ಒಳಗೆ ಹೋಗುತ್ತದೆ.

ತಗಡಿನ ಮನೆಯಲ್ಲಿ, ಟಿವಿಯ ಮೇಲೆ, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಇಟ್ಟ ಬಾಟಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಹೆಚ್ಚಿನ ಲೇಬಲ್‌ಗಳು ಹೇಳುವುದು 25 ಅಥವಾ 30 ಡಿಗ್ರಿಯೊಳಗೆ ಎಂದು. ನೆಲದ ಮೇಲಿನ ತಂಪು ಮೂಲೆಯಲ್ಲಿ ಇಡಿ. ಬಣ್ಣ ಬದಲಾಗಿದ್ದರೆ, ಎಳೆ ತೇಲುತ್ತಿದ್ದರೆ ಎಸೆಯಿರಿ. ಊರಲ್ಲಿ ಕಣ್ಣು ಬಂದಾಗ ಮನೆಮಂದಿಗೆಲ್ಲ ಒಂದೇ ಬಾಟಲಿ ಹಾಕುವುದು ರೋಗ ಹಂಚುವ ದಾರಿ. ವೈರಸ್ಸಿನ ಕಣ್ಣುಬೇನೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ, ತಣ್ಣನೆ ಬಟ್ಟೆ, ಕೃತಕ ಕಣ್ಣೀರು, ಬೇರೆ ಟವೆಲು ಸಾಕು.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ತೊಂದರೆ ಬರೀ ಧೂಳು-ಹೊಗೆಯದು: ಶುದ್ಧ ನೀರಿನಲ್ಲಿ ಮುಖ ತೊಳೆದು, ತಂಪು ಬಟ್ಟೆ ಇಟ್ಟು, ಜನೌಷಧಿಯ ಕೃತಕ ಕಣ್ಣೀರು. ಗಾಣ, ಕ್ವಾರಿ, ದ್ರಾಕ್ಷಿ ಶೆಡ್ಡಿನ ಕೆಲಸದವರು ಡ್ರಾಪ್ಸ್‌ಗಿಂತ ಮೊದಲು ಬದಿ ಮುಚ್ಚಿದ ಕನ್ನಡಕಕ್ಕೆ ದುಡ್ಡು ಹಾಕಲಿ. ಮೂಲಿಕೆಯೇ ಬೇಕು ಎನ್ನುವವರಿಗೆ ಸೀಲ್ ಆದ ಡ್ರಾಪ್ಸ್, ಮುಚ್ಚಿದ ಕಣ್ಣಿನ ಮೇಲೆ ತ್ರಿಫಲಾ, ಊಟದಲ್ಲಿ ಹೊನಗೊನ್ನೆ ಮತ್ತು ನುಗ್ಗೆ ಸೊಪ್ಪು. ಹಳೆಯ ಒಣಕಣ್ಣಿಗೆ ಒಮ್ಮೆ ಕಣ್ಣಿನ ಡಾಕ್ಟರಲ್ಲಿ ತೋರಿಸಿ, ಆಮೇಲೆ ಬೇಕಾದರೆ ತರ್ಪಣ. ಪೊರೆಗೆ ಮಾತ್ರ ಯಾವ ಹನಿಯೂ ಇಲ್ಲ, ಮೂಲಿಕೆಯದೂ ಅಲ್ಲ ಇಂಗ್ಲಿಷ್ ಔಷಧದ್ದೂ ಅಲ್ಲ. ಅದಕ್ಕೆ ಆಪರೇಷನ್ನೇ, ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ.

ಎಲೆ-ಅಡಿಕೆಯ ಸುಣ್ಣದ ಪಾಕೀಟು ಮಗುವಿನ ಕೈಯಲ್ಲಿ ಒಡೆದು ಕಣ್ಣಿಗೆ ಸಿಡಿದರೆ ಹೋಲಿಕೆಗೆ ಹೊತ್ತಿಲ್ಲ. ನಿಂಬೆರಸ, ತುಪ್ಪ, ಜೇನು ಯಾವುದೂ ಬೇಡ. ಕೈಗೆ ಸಿಕ್ಕ ಶುದ್ಧ ನೀರನ್ನು ಅರ್ಧ ಗಂಟೆ ಸುರಿಯುತ್ತಿರಿ, ರೆಪ್ಪೆ ಬಿಡಿಸಿ ಒಳಗಿನ ಸುಣ್ಣದ ಹೆಂಟೆ ತೊಳೆದುಹೋಗಲಿ, ಆಮೇಲೆ ಗಾಡಿ ಹತ್ತಿ. ಆಸ್ಪತ್ರೆಗೆ ಹೋಗುವಾಗ, ಯಾವ ಕಾರಣಕ್ಕೇ ಹೋಗಲಿ, ಇಲ್ಲಿಯವರೆಗೆ ಹಾಕಿದ ಬಾಟಲಿ, ಸೊಪ್ಪು, ಪುಡಿ ಎಲ್ಲವನ್ನೂ ಚೀಲದಲ್ಲಿ ಜೊತೆಗೆ ಒಯ್ಯಿರಿ. ಏನು ಬಿದ್ದಿದೆ ಎಂದು ತಿಳಿದರೆ ಯಾವ ಪರೀಕ್ಷೆ ಮೊದಲು ಮಾಡಬೇಕು ಎಂಬುದು ಡಾಕ್ಟರಿಗೆ ಅಲ್ಲೇ ಗೊತ್ತಾಗುತ್ತದೆ.